ಜಿಪಿಎಸ್‌ನಲ್ಲಿ ಹಾಡು ಕೇಳುವಾಗ ಎಂಪಿ3 ಎಚ್ಚರಿಕೆ ಬಂದರೆ ಹಾಡು ಯಾಕೆ ನಿಲ್ಲುತ್ತದೆ?

ಹಾಡು, ಎಚ್ಚರಿಕೆ ಎರಡೂ ಎಂಪಿ3 ಆಗಿರುವುದೇ ಸಾಮಾನ್ಯವಾಗಿ ಇದಕ್ಕೆ ಕಾರಣ. ಎಚ್ಚರಿಕೆಯ ಫೈಲನ್ನು ವೇವ್ (.wav) ಎಂಬ ಇನ್ನೊಂದು ಬಗೆಯ ಶಬ್ದದ ಫೈಲಿಗೆ ಬದಲಿಸಿ ನೋಡಿ.

ಎಂಪಿ3 ಅಂದರೆ ಹಿಂಡಿ ಚಿಕ್ಕದು ಮಾಡಿದ ಶಬ್ದ. ನುಡಿಸುವ ಮೊದಲು ಅದನ್ನು ಬಿಡಿಸಬೇಕು. ಆ ಕೆಲಸ ಮಾಡುವ ಭಾಗಕ್ಕೆ ಡಿಕೋಡರ್ ಎನ್ನುತ್ತಾರೆ. ಕಾರಿನ ಚಿಕ್ಕ ಜಿಪಿಎಸ್‌ಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ, ಪ್ರೊಸೆಸರ್ ಶಕ್ತಿ ಕಡಿಮೆ. ಹಾಗಾಗಿ ಒಂದು ಹೊತ್ತಿಗೆ ಒಂದೇ ಎಂಪಿ3 ಬಿಡಿಸುವಂತೆ ಅವನ್ನು ಮಾಡಿರುತ್ತಾರೆ. ರಸ್ತೆಯಲ್ಲಿ ವೇಗ ಅಳೆಯುವ ಕ್ಯಾಮೆರಾ ಹತ್ತಿರ ಬಂತು ಎಂದು ಎಚ್ಚರಿಕೆ ಕೂಗಬೇಕಾದರೆ ಹಾಡು ಜಾಗ ಬಿಡಲೇಬೇಕು. ಎಚ್ಚರಿಕೆ ಮುಗಿದ ಮೇಲೆ ಹಾಡು ಎಲ್ಲಿಗೆ ನಿಂತಿತ್ತು ಅನ್ನುವುದನ್ನು ಸಾಧನ ನೆನಪಿಟ್ಟಿರದಿದ್ದರೆ ಅದು ಮತ್ತೆ ಶುರುವಾಗುವುದೂ ಇಲ್ಲ.

ವೇವ್ ಫೈಲಿನಲ್ಲಿ ಶಬ್ದ ಸಾಮಾನ್ಯವಾಗಿ ಹಿಂಡದೆ ಹಾಗೇ ಇರುತ್ತದೆ, ಬಿಡಿಸುವ ಕೆಲಸವೇ ಇಲ್ಲ. ಹಾಡಿನ ಸದ್ದು ತಗ್ಗಿಸಿ ಅದರ ಜೊತೆಗೇ ನುಡಿಸಬಹುದು. ಜಾಗ ಜಾಸ್ತಿ ಬೇಕು, ನಿಜ. ಸಿಡಿ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ. ಆದರೆ ಎಚ್ಚರಿಕೆ ಇರುವುದು ಎರಡು ಸೆಕೆಂಡ್ ಅಲ್ವಾ? 22,050 ಹರ್ಟ್ಸ್, 16 ಬಿಟ್, ಮೋನೋದಲ್ಲಿ (ಒಂದೇ ಚಾನೆಲ್‌ನಲ್ಲಿ) ಅದು 90 ಕೆಬಿಯೂ ಆಗುವುದಿಲ್ಲ.

ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಎಂಪಿ3 ತೆರೆದು, ಮೋನೋ ಮಾಡಿ, 16 ಬಿಟ್ ವೇವ್ ಆಗಿ ಉಳಿಸಿ. ಗಾರ್ಮಿನ್ ಜಿಪಿಎಸ್‌ಗೆ ಎಚ್ಚರಿಕೆಯ ಸ್ಥಳಗಳ ಪಟ್ಟಿ ಹಾಕುವ ಪಿಒಐ ಲೋಡರ್ ಎಂಬ ತಂತ್ರಾಂಶ ಬಳಸುತ್ತಿದ್ದರೆ ಶಬ್ದದ ಫೈಲಿಗೂ ಸ್ಥಳಗಳ ಪಟ್ಟಿಯ ಫೈಲಿಗೂ ಒಂದೇ ಹೆಸರು ಕೊಡಿ. ಹಳೆಯ ಎಂಪಿ3 ಅನ್ನು ಆ ಫೋಲ್ಡರ್‌ನಿಂದ ತೆಗೆದು, ಪಟ್ಟಿಯನ್ನು ಮತ್ತೆ ಸಾಧನಕ್ಕೆ ಹಾಕಿ.