ಗುಂಯ್ ಎನ್ನುವ ಸ್ಪೀಕರಿಗೆ ಅರ್ತ್ ಪಿನ್ನು ಮುರಿಯುವುದು ಔಷಧವಲ್ಲ

ಈ ಸಲ ಬಂದ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಓದಿದೆ. ಕುಂಬಳೆ, ಪೆರ್ಲ, ಮುಳ್ಳೇರಿಯ, ಮಂಜೇಶ್ವರ ಎಂದು ಕಾಸರಗೋಡು ಕಡೆಯ ಊರುಗಳು ಬೇರೆ ಬೇರೆ, ಕೇಳಿದ್ದು ಮಾತ್ರ ಹೆಚ್ಚುಕಡಿಮೆ ಒಂದನ್ನೇ. ಮನೆಯ ಕೋಣೆಯೊಂದರಲ್ಲಿ ಕಂಪ್ಯೂಟರ್, ಅದಕ್ಕೆ ಮೈಕು ಸ್ಪೀಕರುಗಳನ್ನು ಜೋಡಿಸುವ ಆಡಿಯೊ ಇಂಟರ್‌ಫೇಸ್, ಮೈಕ್, ಒಂದು ಜೋಡಿ ಸ್ಪೀಕರ್ ಇಟ್ಟುಕೊಂಡು ತಾಳಮದ್ದಳೆಯನ್ನೋ ಸಂಗೀತ ಪಾಠವನ್ನೋ ಧ್ವನಿಮುದ್ರಿಸುವವರು ನಮ್ಮ ಕಡೆ ಈಗ ಬಹಳ ಮಂದಿ. ಅದು ಸಂತೋಷದ ಸಂಗತಿ. ಆದರೆ ಅವರಲ್ಲಿ ಎಷ್ಟೋ ಜನ, ಸ್ಪೀಕರಿನ ಗುಂಯ್ ಸದ್ದು ಹೋಗಲೆಂದು ಪ್ಲಗ್ಗಿನ ಮೂರನೆಯ ಪಿನ್ನನ್ನು, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಹರಿಸುವ ಅರ್ತ್ ಪಿನ್ನನ್ನು, ಮುರಿದು ಕುಳಿತಿದ್ದಾರೆ. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟಿಗಿಂತ ಮೊದಲು ಭಯವಾಗುತ್ತದೆ. ಹಾಗಾಗಿ ಒಂದೇ ಪ್ರಶ್ನೆಗೆ ಹೆಚ್ಚು ಜಾಗ ಕೊಡುತ್ತೇನೆ. ಡ್ರೈವರ್ ಹಾಕುವುದು ಹೇಗೆ, ಯಾವ ಗುಂಡಿ ಯಾವುದಕ್ಕೆ ಎಂಬುದನ್ನು ಪೆಟ್ಟಿಗೆಯೊಳಗೆ ಬಂದ ಪುಸ್ತಿಕೆಯಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ಅಣ್ಣ ಗಲ್ಫಿನಿಂದ ತಂದ ಸ್ಪೀಕರ್ ಜೋಡಿಯನ್ನು ಕಂಪ್ಯೂಟರಿನ ಇಂಟರ್‌ಫೇಸಿಗೆ ಸೇರಿಸಿದ್ದೇನೆ. ಸದಾ ಗುಂಯ್ ಎನ್ನುತ್ತಿತ್ತು. ಮೌಸ್ ಆಡಿಸಿದರೆ ಕೀಂಯ್ ಎಂಬ ಇನ್ನೊಂದು ಸದ್ದು. ವಯರಿಂಗ್ ಕೆಲಸದವರು ಬಂದು ಕಂಪ್ಯೂಟರ್ ಪ್ಲಗ್ಗಿನ ಅರ್ತ್ ಪಿನ್ನನ್ನು ಮುರಿದರು. ಗುಂಯ್ ಅರ್ಧಕ್ಕೆ ಇಳಿಯಿತು. ಈಗ ಸ್ಪೀಕರಿನ ಹಿಂದಿನ ತಗಡನ್ನು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ, ಮುಟ್ಟಿದಷ್ಟು ಹೊತ್ತು ಸದ್ದು ಇನ್ನೂ ತಗ್ಗುತ್ತದೆ. ಸ್ಟುಡಿಯೊಕ್ಕೆಂದೇ ಬೇರೆ ಅರ್ತ್ ಗುಂಡಿ ತೋಡಿಸಿ ಎನ್ನುತ್ತಾರೆ. ತೋಡಿಸಲೇ? (ಬದಿಯಡ್ಕ ಸಮೀಪದ ಓದುಗರು)

ಉತ್ತರ: ತೋಡಿಸಬೇಡಿ. ಮೊದಲು ಎಲ್ಲವನ್ನೂ ಆರಿಸಿ, ಪ್ಲಗ್ಗುಗಳನ್ನು ಕಳಚಿ, ಪೇಟೆಗೆ ಹೋಗಿ ಕಂಪ್ಯೂಟರಿಗೆ ಮೂರು ಪಿನ್ನಿನ ಹೊಸ ವಯರ್ ತನ್ನಿ. ಉಳಿದದ್ದನ್ನು ಆಮೇಲೆ ಓದಿದರೆ ಸಾಕು. ತಗಡನ್ನು ಇನ್ನೊಮ್ಮೆ ಮುಟ್ಟಿ ಪರೀಕ್ಷಿಸುವುದು ಬೇಡ.

ಗಲ್ಫಿನ ಸ್ಪೀಕರ್ ಎಂದ ಕೂಡಲೇ ನನ್ನ ಕಣ್ಣ ಮುಂದೆ ಬರುವುದು ಅದರ ಪ್ಲಗ್ಗು. ಮೂರು ಚಪ್ಪಟೆ ಪಿನ್ನುಗಳ ಆ ಪ್ಲಗ್ಗು ನಮ್ಮ ಸಾಕೆಟ್ಟಿಗೆ ಹೊಂದುವುದಿಲ್ಲ. ಹಾಗಾಗಿ ಮಧ್ಯೆ ಒಂದು ಬಿಳಿ ಅಡಾಪ್ಟರ್ ಸೇರುತ್ತದೆ. ನಿಮ್ಮಲ್ಲಿರುವುದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಮುಂದೆ ಮೂರು ತೂತು, ಹಿಂದೆ ಹೆಚ್ಚಾಗಿ ಎರಡೇ ಪಿನ್ನು ಇರುತ್ತದೆ. ಸ್ಪೀಕರಿನಿಂದ ಬಂದ ಅರ್ತ್ ಆ ಪ್ಲಾಸ್ಟಿಕ್ಕಿನೊಳಗೇ ಕೊನೆಯಾಯಿತು. ಗಲ್ಫಿನಿಂದ ಬಂದ ಸಾಮಾನು ಇಲ್ಲದ ಮನೆ ನಮ್ಮ ಕಡೆ ಕಡಿಮೆ, ಆದ್ದರಿಂದ ಈ ಅಡಾಪ್ಟರ್ ಇಲ್ಲದ ಮನೆಯೂ ಕಡಿಮೆ.

ಅರ್ತ್ ಇಲ್ಲವಾದರೆ ಆಗುವುದೇನು? ಸ್ಪೀಕರಿನ ಪವರ್ ಸಪ್ಲೈಯೊಳಗೆ, ಕರೆಂಟಿನೊಡನೆ ಬರುವ ಕಸವನ್ನು ಅರ್ತಿಗೆ ಹರಿಸಿಬಿಡಲೆಂದು ಸಣ್ಣ ಕೆಪಾಸಿಟರುಗಳನ್ನು ಇಟ್ಟಿರುತ್ತಾರೆ. ಅರ್ತ್ ಕಡಿದುಹೋದಾಗ ಅವು 230 ವೋಲ್ಟಿನ ಸುಮಾರು ಅರ್ಧದಷ್ಟನ್ನು ಲೋಹದ ತಗಡಿನ ಮೇಲೆ ತಂದು ನಿಲ್ಲಿಸುತ್ತವೆ. ಹರಿಯುವ ಕರೆಂಟು ಒಂದು ಮಿಲಿಆಂಪಿಯರಿಗಿಂತಲೂ ಕಡಿಮೆ, ಆದರೆ ಅದಕ್ಕೂ ಹೋಗಲು ದಾರಿ ಬೇಕು. ಮೊದಲು ಅದು ಹಿಡಿದ ದಾರಿ ನಿಮ್ಮ ಆಡಿಯೊ ಕೇಬಲಿನ ಹೊರಹೆಣಿಗೆ, ಅಂದರೆ ಒಳತಂತಿಯ ಸುತ್ತ ಇರುವ ಲೋಹದ ಬಲೆ. ಅಲ್ಲಿಂದ ಇಂಟರ್‌ಫೇಸಿಗೆ, ಅಲ್ಲಿಂದ ಕಂಪ್ಯೂಟರಿಗೆ, ಕಂಪ್ಯೂಟರಿನ ಅರ್ತ್ ಪಿನ್ನಿನಿಂದ ನೆಲಕ್ಕೆ. ಧ್ವನಿ ಸಾಗಬೇಕಾದ ತಂತಿಯೇ ಅರ್ತ್ ವಯರಿನ ಕೆಲಸವನ್ನೂ ಮಾಡುತ್ತಿತ್ತು. ನೀವು ಕೇಳಿದ ಗುಂಯ್ ಅದೇ, ಸೆಕೆಂಡಿಗೆ 50 ಸಲ ತೂಗುವ ಮನೆಯ ಕರೆಂಟು.

ಈಗ ಪಿನ್ನು ಮುರಿದಾಗ ನಡೆದದ್ದನ್ನು ನೋಡಿ. ಆ ಕರೆಂಟಿಗೆ ಇದ್ದ ಒಂದೇ ದಾರಿಯೂ ಮುಚ್ಚಿತು. ಸದ್ದು ತಗ್ಗಿತು. ಆದರೆ ಕರೆಂಟು ಎಲ್ಲಿಗೂ ಹೋಗಿಲ್ಲ, ತಗಡಿನ ಮೇಲೆಯೇ ನಿಂತಿದೆ. ನೀವು ಮುಟ್ಟಿದಾಗ ಸದ್ದು ತಗ್ಗುವುದೇಕೆಂದರೆ ಆಗ ನೀವೇ ಅರ್ತ್ ವಯರ್ ಆಗಿರುತ್ತೀರಿ. ಇಂದು ಹರಿಯುತ್ತಿರುವುದು ಕೆಪಾಸಿಟರಿನ ಸಣ್ಣ ಸೋರಿಕೆ. ನಾಳೆ ಒಳಗೆ ಇನ್ಸುಲೇಶನ್ ಸೋತರೆ ಅದೇ ತಗಡಿನ ಮೇಲೆ ಪೂರಾ 230 ವೋಲ್ಟು ಬರುತ್ತದೆ. ಎರಡಕ್ಕೂ ಟೆಸ್ಟರಿನ ದೀಪ ಒಂದೇ ರೀತಿ ಉರಿಯುತ್ತದೆ. ಯಾವುದು ಸೋರಿಕೆ, ಯಾವುದು ಸಾವು ಎಂದು ಆ ದೀಪ ಬೇರ್ಪಡಿಸಿ ತೋರಿಸುವುದಿಲ್ಲ.

ನಾನು ಇದನ್ನು ಕಣ್ಣಾರೆ ಕಂಡವನು. ಹಲವು ವರ್ಷಗಳ ಹಿಂದೆ, ಆಟಿ ತಿಂಗಳ ಒಂದು ಸಂಜೆ, ಹಳೆಯ ಮನೆಯೊಂದರ ಚಾವಡಿಯಲ್ಲಿ ತಾಳಮದ್ದಳೆ. ಆಂಪ್ಲಿಫೈಯರಿನ ಅರ್ತ್ ಪಿನ್ನನ್ನು ಸದ್ದಿನ ಕಾರಣಕ್ಕೆ ಯಾರೋ ಮೊದಲೇ ಕಿತ್ತಿದ್ದರು. ಭಾಗವತರು ಮೈಕಿನ ಬಲೆಗೆ ತುಟಿ ತಾಗಿಸಿದ್ದೇ ತಡ, ಹಿಂದಕ್ಕೆ ಎಸೆದಂತೆ ಬಿದ್ದರು. ಒಣ ಚಾಪೆಯ ಮೇಲೆ ಕುಳಿತಿದ್ದರಿಂದ ಉಳಿದರು. ಮರುದಿನ ನಾನು ಆಂಪ್ಲಿಫೈಯರ್ ಬಿಚ್ಚಿದಾಗ ಟ್ರಾನ್ಸ್‌ಫಾರ್ಮರಿಗೆ ಸುತ್ತಿದ ಹಳದಿ ಕಾಗದ ಮಳೆಗಾಲದ ತೇವ ಕುಡಿದು ಒಂದು ಕಡೆ ಕಪ್ಪಾಗಿತ್ತು, ತಾಮ್ರದ ತಂತಿ ಚೌಕಟ್ಟಿಗೆ ತಾಗಿಕೊಂಡಿತ್ತು. ಪಿನ್ನು ಇದ್ದಿದ್ದರೆ ಸ್ವಿಚ್ಚು ಹಾಕಿದ ಕೂಡಲೇ ಫ್ಯೂಸು ಹೋಗುತ್ತಿತ್ತು, ಅಷ್ಟೇ. ನಮ್ಮ ಪ್ಲಗ್ಗುಗಳಲ್ಲಿ ಅರ್ತ್ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿ, ದಪ್ಪವಾಗಿ ಇರುವುದು ಅಂದಕ್ಕಲ್ಲ. ಚುಚ್ಚುವಾಗ ಅದು ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು. ಅದನ್ನು ಮುರಿಯುವವರು ವಯರಿಂಗ್ ಕೆಲಸದವರೆಂದು ಕರೆಸಿಕೊಳ್ಳಲು ಯೋಗ್ಯರಲ್ಲ.

ಇನ್ನು ಮಾಡಬೇಕಾದದ್ದು. ಸ್ಪೀಕರಿನ ಹಿಂದೆ 220-240 ವೋಲ್ಟ್ ಎಂದು ಬರೆದಿದೆಯೇ ನೋಡಿಕೊಳ್ಳಿ. ಕಳಚಬಹುದಾದ ವಯರ್ ಇದ್ದರೆ ಹೆಚ್ಚಿನ ಸ್ಪೀಕರುಗಳಿಗೆ ಕಂಪ್ಯೂಟರಿಗೆ ಹಾಕುವ ಮೂರು ಪಿನ್ನಿನ ವಯರೇ ಹೊಂದುತ್ತದೆ. ಅಡಾಪ್ಟರನ್ನು ಎಸೆಯಿರಿ. ಕಂಪ್ಯೂಟರ್, ಮಾನಿಟರ್, ಎರಡೂ ಸ್ಪೀಕರ್ ಒಂದೇ ಸಾಕೆಟ್ಟಿನಿಂದ ಎಳೆದ ಒಂದೇ ಒಳ್ಳೆಯ ಬೋರ್ಡಿನಲ್ಲಿರಲಿ. 6 ಆಂಪಿಯರಿನ ಸಾಕೆಟ್ಟು ಸುಮಾರು 1380 ವ್ಯಾಟ್ ತಾಳುತ್ತದೆ. ಮೇಜಿನ ಮೇಲಿನ ಇಷ್ಟು ಸಾಮಾನು ಅದರೊಳಗೆ ಮುಗಿಯುತ್ತದೆ, ಇಸ್ತ್ರಿಪೆಟ್ಟಿಗೆಯನ್ನು ಮಾತ್ರ ಅದಕ್ಕೆ ಸೇರಿಸಬೇಡಿ. ಒಂದು ಯಂತ್ರ ಈ ಗೋಡೆಯಲ್ಲಿ, ಇನ್ನೊಂದು ಆ ಗೋಡೆಯಲ್ಲಿ ಎಂದಾದರೆ ಎರಡು ಅರ್ತ್‌ಗಳ ನಡುವಿನ ಸಣ್ಣ ವ್ಯತ್ಯಾಸವೇ ಕೇಬಲಿನ ಹೆಣಿಗೆಯಲ್ಲಿ ಹರಿದು ಮತ್ತೆ ಗುಂಯ್ ಎನ್ನುತ್ತದೆ. ಇದಕ್ಕೇ ಗ್ರೌಂಡ್ ಲೂಪ್ ಎನ್ನುವುದು. ಪಿನ್ನು ಮುರಿಯುವ ಚಟ ಶುರುವಾದದ್ದೂ ಇದರಿಂದಲೇ.

ಮೌಸಿನ ಕೀಂಯ್ ಬೇರೆ. ಅದು ಕಂಪ್ಯೂಟರಿನ ಒಳಗಿನ ಗಲಾಟೆ. ಯುಎಸ್‌ಬಿ ಕೇಬಲಿನ ಗ್ರೌಂಡ್ ಮೂಲಕ ಇಂಟರ್‌ಫೇಸಿಗೆ ಬಂದು, ಅಲ್ಲಿಂದ ಸ್ಪೀಕರಿನವರೆಗೆ ಹೋಗುತ್ತದೆ. ಹೆಡ್‌ಫೋನನ್ನು ಇಂಟರ್‌ಫೇಸಿಗೇ ಚುಚ್ಚಿ ಕೇಳಿ. ಅಲ್ಲಿ ಸದ್ದಿಲ್ಲದೆ ಸ್ಪೀಕರಿನಲ್ಲಿ ಮಾತ್ರ ಇದ್ದರೆ ತಪ್ಪು ಅವೆರಡರ ನಡುವಿನ ಕೇಬಲಿನದ್ದು. ಆ ಕೇಬಲನ್ನು ಕಳಚಿ ಅದರ ಪಿನ್ನನ್ನು ಬೆಳಕಿಗೆ ಹಿಡಿಯಿರಿ. ಒಂದೇ ಕಪ್ಪು ಬಳೆ ಇದ್ದರೆ ಅದು ಗಿಟಾರಿನ ಕೇಬಲು, ಈ ಕೆಲಸಕ್ಕಲ್ಲ. ಎರಡು ಕಪ್ಪು ಬಳೆಗಳಿರುವ ಬ್ಯಾಲೆನ್ಸ್ಡ್ ಕೇಬಲು ಬೇಕು. ಅದರೊಳಗೆ ಧ್ವನಿ ಎರಡು ತಂತಿಗಳಲ್ಲಿ ಒಂದಕ್ಕೊಂದು ತಿರುವುಮುರುವಾಗಿ ಸಾಗುತ್ತದೆ. ದಾರಿಯಲ್ಲಿ ಸೇರಿದ ಸದ್ದು ಎರಡರಲ್ಲೂ ಒಂದೇ ಆಗಿರುವುದರಿಂದ, ಸ್ಪೀಕರು ಒಂದರಿಂದ ಇನ್ನೊಂದನ್ನು ಕಳೆದಾಗ ಅಳಿಸಿಹೋಗುತ್ತದೆ. ಇಂಟರ್‌ಫೇಸಿನ ಔಟ್‌ಪುಟ್ಟು, ಸ್ಪೀಕರಿನ ಇನ್‌ಪುಟ್ಟು ಎರಡೂ ಬ್ಯಾಲೆನ್ಸ್ಡ್ ಆಗಿರಬೇಕು. ಸ್ಪೀಕರಿನಲ್ಲಿ ಕೆಂಪು ಬಿಳಿ ತೂತುಗಳು ಮಾತ್ರ ಇದ್ದರೆ ಕೇಬಲಿನ ಮಧ್ಯೆ, ತಂತಿಯ ನೇರ ಸಂಪರ್ಕ ಕಡಿದು ಧ್ವನಿಯನ್ನು ಮಾತ್ರ ದಾಟಿಸುವ ಆಡಿಯೊ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಹಾಕಿ. ತೀರಾ ಅಗ್ಗದ್ದು ತಂದರೆ ಮದ್ದಳೆಯ ತಗ್ಗುನಾದವೇ ತೆಳುವಾಗುತ್ತದೆ. ಯುಎಸ್‌ಬಿ ಕೇಬಲಿಗೆ ಇದೇ ಕೆಲಸ ಮಾಡುವ ಯುಎಸ್‌ಬಿ ಐಸೊಲೇಟರ್ ತರಿಸಿಕೊಂಡು ನಿರಾಶರಾದವರು ಬಹಳ ಇದ್ದಾರೆ. ಕಡಿಮೆ ಬೆಲೆಯವು ಸಾಮಾನ್ಯವಾಗಿ ಸೆಕೆಂಡಿಗೆ 12 ಮೆಗಾಬಿಟ್ ವೇಗದವು, 480 ಮೆಗಾಬಿಟ್ ಬೇಡುವ ಇಂಟರ್‌ಫೇಸು ಅದರ ಮೂಲಕ ಎಚ್ಚರಗೊಳ್ಳುವುದೇ ಇಲ್ಲ.

ಕೊನೆಗೆ ಆ ಬೇರೆ ಅರ್ತ್ ಗುಂಡಿಯ ಮಾತು. ಒಂದು ಮನೆಗೆ ಒಂದಕ್ಕೊಂದು ಸೇರದ ಎರಡು ಅರ್ತ್ ಇರಬಾರದು. ಗ್ರೌಂಡ್ ಲೂಪ್ ಹೆಚ್ಚುತ್ತದೆ ಎಂಬುದು ಅದರಲ್ಲಿ ಸಣ್ಣ ತೊಂದರೆ. ಹತ್ತಿರದಲ್ಲಿ ಸಿಡಿಲು ಬಡಿದಾಗ ಎರಡು ಗುಂಡಿಗಳ ನಡುವೆ ಸಾವಿರಾರು ವೋಲ್ಟಿನ ವ್ಯತ್ಯಾಸ ಏಳುತ್ತದೆ, ಅದು ಸಾಗುವುದು ನಿಮ್ಮ ಮೇಜಿನ ಮೇಲಿನ ಕೇಬಲುಗಳಲ್ಲಿ. ಇರುವ ಗುಂಡಿಯನ್ನೇ ಸರಿಮಾಡಿಸಿ. ನಮ್ಮದು ಮುರಕಲ್ಲಿನ ನೆಲ. ನೀರಿಗಾಗಿ ಸುರಂಗ ಕೊರೆಯಲು ಎಷ್ಟು ಒಳ್ಳೆಯದೋ ಅರ್ತ್ ಪೈಪಿಗೆ ಅಷ್ಟೇ ಕಷ್ಟದ್ದು. ಮಳೆಗಾಲದಲ್ಲಿ ನೀರು ಕುಡಿದು ಕರೆಂಟನ್ನು ಬಿಟ್ಟುಕೊಳ್ಳುತ್ತದೆ, ಮಾರ್ಚ್ ಬಂತೆಂದರೆ ಒಣಗಿ ತಡೆಯುತ್ತದೆ. ಗುಂಡಿ ಸದಾ ತೇವವಿರುವ ಕಡೆ, ಬಚ್ಚಲ ನೀರು ಹರಿಯುವ ಬದಿಯಲ್ಲಿ ಇದ್ದರೆ ಒಳ್ಳೆಯದು. ಇದ್ದಿಲು, ಉಪ್ಪು ಹಾಕಿದ ಗುಂಡಿಯಾದರೆ ಉಪ್ಪು ಮಳೆಗೆ ಕರಗಿಹೋಗಿರುತ್ತದೆ, ಪೈಪು ತುಕ್ಕು ಹಿಡಿದಿರುತ್ತದೆ, ತೆಗೆಸಿ ನೋಡಿ. ಮಲ್ಟಿಮೀಟರಿನಿಂದ ಅರ್ತ್ ಇದೆಯೇ ಇಲ್ಲವೇ ಎಂದು ತಿಳಿಯಬಹುದು, ಎಷ್ಟು ಒಳ್ಳೆಯದು ಎಂದು ತಿಳಿಯದು. ಅದಕ್ಕೆ ಅರ್ತ್ ಟೆಸ್ಟರ್ ಇರುವವರನ್ನೇ ಕರೆಯಿರಿ. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನಾಗಿ ಕಡಿಯುವ ಸ್ವಿಚ್ಚು) ಇಲ್ಲದಿದ್ದರೆ ಮೈಕಿಗಿಂತ ಮೊದಲು ಅದನ್ನು ಕೊಳ್ಳಿ. ಬೇಸಗೆಯಲ್ಲಿ ಅರ್ತ್ ಸೊರಗಿದಾಗಲೂ ಅದು ಕೆಲಸ ಮಾಡುತ್ತದೆ.

ಪ್ರಶ್ನೆ: ಪಾಠ ಧ್ವನಿಮುದ್ರಿಸುವಾಗ ಮಧ್ಯೆ ಮಧ್ಯೆ ಟಿಕ್ ಎನ್ನುತ್ತದೆ, ಕೆಲವೊಮ್ಮೆ ಧ್ವನಿ ಹರಿದಂತಾಗುತ್ತದೆ. ಸ್ಟೆಬಿಲೈಸರ್ ಹಾಕಿದರೂ ಹೋಗಲಿಲ್ಲ. (ಮಂಜೇಶ್ವರ)

ಉತ್ತರ: ಹೋಗುವುದಿಲ್ಲ, ಏಕೆಂದರೆ ಇದು ಕರೆಂಟಿನ ದೋಷವೇ ಅಲ್ಲ. ಸ್ಟೆಬಿಲೈಸರನ್ನು ಫ್ರಿಜ್ಜಿಗೆ ಹಾಕಿ. ಕಂಪ್ಯೂಟರು ಧ್ವನಿಯನ್ನು ತುಂಡು ತುಂಡಾಗಿ ತೆಗೆದುಕೊಳ್ಳುತ್ತದೆ, ಆ ತುಂಡಿನ ಅಳತೆಯೇ ಬಫರ್. ಸೆಕೆಂಡಿಗೆ 48,000 ಸ್ಯಾಂಪಲ್ (ಧ್ವನಿಯ ಅಳತೆ) ಇರುವಾಗ 128ರ ಬಫರ್ ಎಂದರೆ ಕೇವಲ 2.7 ಮಿಲಿಸೆಕೆಂಡು. ಅಷ್ಟರೊಳಗೆ ವೈಫೈಯೋ ಗ್ರಾಫಿಕ್ಸ್ ಡ್ರೈವರೋ ಅಡ್ಡ ಬಂದರೆ ಒಂದು ತುಂಡು ತಪ್ಪಿ ಟಿಕ್ ಎನ್ನುತ್ತದೆ. ಬಫರನ್ನು 512ಕ್ಕೆ ಏರಿಸಿ, ಹಾಡುವವರಿಗೆ ತಮ್ಮ ಧ್ವನಿ ತಡವಾಗಿ ಕೇಳಿದರೆ ಮೈಕಿನ ಧ್ವನಿಯನ್ನು ಕಂಪ್ಯೂಟರಿಗೆ ಸುತ್ತಿಸದೆ ನೇರ ಕೇಳಿಸುವ, ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಹಾಕಿ. ತಯಾರಕರು ಕೊಟ್ಟ, ಧ್ವನಿಯನ್ನು ಕಡಿಮೆ ತಡದಲ್ಲಿ ಸಾಗಿಸುವ ಎಎಸ್‌ಐಒ ಡ್ರೈವರನ್ನೇ ಬಳಸಿ, ಯುಎಸ್‌ಬಿ ಹಬ್ ತೆಗೆದು ಕಂಪ್ಯೂಟರಿನ ಹಿಂಬದಿಯ ಯುಎಸ್‌ಬಿಗೆ ನೇರವಾಗಿ ಚುಚ್ಚಿ, ಮುದ್ರಣದ ಹೊತ್ತಿಗೆ ವೈಫೈ ಆರಿಸಿ. ವಿಂಡೋಸ್ ಆಗಿದ್ದರೆ ಲೇಟೆನ್ಸಿಮಾನ್ ಎಂಬ ತಂತ್ರಾಂಶ ಯಾವ ಡ್ರೈವರು ಅಡ್ಡ ಬರುತ್ತಿದೆ ಎಂದು ಹೆಸರು ಹಿಡಿದು ತೋರಿಸುತ್ತದೆ. ಒಂದು ಮಾತು ಗಮನಿಸಿ. ಟಿಕ್ ಗಡಿಯಾರದಂತೆ ಸಮಾನ ಅಂತರದಲ್ಲಿ ಬರುತ್ತಿದ್ದರೆ ಬಫರಿನ ದೋಷವಾಗಿರಲಾರದು. ಯುಎಸ್‌ಬಿ ಮೈಕು ಒಂದು, ಕೇಳುವ ಸಾಧನ ಇನ್ನೊಂದು ಎಂದಿರುವಾಗ ಎರಡರ ಒಳಗಡಿಯಾರಗಳು ಕೂಡದೆ ಹಾಗಾಗುತ್ತದೆ. ಎರಡಕ್ಕೂ ಒಂದೇ ಸಾಧನ ಬಳಸಿ.

ಪ್ರಶ್ನೆ: ಹೊಸ ಸ್ಪೀಕರಿನಲ್ಲಿ ಭಾಗವತರ ಧ್ವನಿಯೇ ಇಲ್ಲ, ಬದಿಗಳ ಚೆಂಡೆ, ಚಕ್ರತಾಳ ಮಾತ್ರ ಕೇಳುತ್ತದೆ. (ಪೆರ್ಲ)

ಉತ್ತರ: ಹೆಡ್‌ಫೋನಿನ ತೂತಿನಿಂದ ಎರಡು ಬಳೆಯ ಕೇಬಲು ಎಳೆದು ಸ್ಪೀಕರಿನ ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೆ ಹಾಕಿದ್ದೀರಿ. ಎಡದಿಂದ ಬಲ ಕಳೆದುಹೋಗಿ, ಎರಡರಲ್ಲೂ ಸಮವಾಗಿದ್ದ ಭಾಗವತರು ಅಳಿದಿದ್ದಾರೆ. ಇಂಟರ್‌ಫೇಸಿನ ಹಿಂದಿನ ಎಡ, ಬಲ ಔಟ್‌ಪುಟ್ಟುಗಳಿಂದ ಒಂದೊಂದು ಸ್ಪೀಕರಿಗೆ ಒಂದೊಂದು ಕೇಬಲು ಹಾಕಿ.

ಪ್ರಶ್ನೆ: ಚಿನ್ನದ ಲೇಪದ ಕೇಬಲು ತಂದರೆ ಗುಂಯ್ ಹೋಗುವುದೇ? (ಉಪ್ಪಳ)

ಉತ್ತರ: ಇಲ್ಲ. ನಮ್ಮ ಗಾಳಿಗೆ ಕಿಲುಬು ಹಿಡಿಯುವುದು ತಡವಾಗುತ್ತದೆ, ಅಷ್ಟೇ.

ಪ್ರಶ್ನೆ: ಕರೆಂಟು ಹೋಗಿ ಇನ್ವರ್ಟರ್ ಬಂದಾಗ ಮಾತ್ರ ಸ್ಪೀಕರು ಝರ್ ಎನ್ನುತ್ತದೆ. (ಮುಳ್ಳೇರಿಯ)

ಉತ್ತರ: ನಿಮ್ಮದು ಸ್ಕ್ವೇರ್ ವೇವ್ ಇನ್ವರ್ಟರು, ಅದರ ಕರೆಂಟಿನ ಅಲೆ ನುಣುಪಾಗಿರದೆ ಚೌಕಾಕಾರವಾಗಿರುತ್ತದೆ. ಸೈನ್ ವೇವ್ ಕೊಳ್ಳಿ, ಇಲ್ಲವೇ ಕರೆಂಟು ಬರುವವರೆಗೆ ಕಾಯಿರಿ.

ಪ್ರಶ್ನೆ: ಫ್ಯಾನನ್ನು ನಿಧಾನ ಮಾಡಿದಾಗ ಮೈಕಿನಲ್ಲಿ ಝೇಂಕಾರ ಕೇಳುತ್ತದೆ. (ಕುಂಬಳೆ)

ಉತ್ತರ: ಬೆಳಕಿನ ಡಿಮ್ಮರಿನಂತೆ ತಿರುಗಿಸುವ ರೆಗ್ಯುಲೇಟರು ಕರೆಂಟಿನ ಅಲೆಯನ್ನು ಕತ್ತರಿಸುತ್ತದೆ. ಹಂತ ಹಂತವಾಗಿ ಟಕ್ ಟಕ್ ಎಂದು ತಿರುಗುವ ಕೆಪಾಸಿಟರ್ ರೆಗ್ಯುಲೇಟರ್ ಹಾಕಿಸಿ.

ಪ್ರಶ್ನೆ: ತುಲಾ ತಿಂಗಳ ಗುಡುಗಿಗೆ ಸ್ವಿಚ್ಚು ಆರಿಸಿದರೆ ಸಾಕೇ? (ನೀರ್ಚಾಲು)

ಉತ್ತರ: ಸಾಲದು. ಸ್ವಿಚ್ಚಿನೊಳಗಿನ ಅಂತರ ಸಿಡಿಲಿಗೆ ಲೆಕ್ಕವೇ ಅಲ್ಲ. ಮಧ್ಯಾಹ್ನ ತಿರುಗಿ ಮೋಡ ಕಟ್ಟಿತೆಂದರೆ, ಗುಡುಗು ಹತ್ತಿರ ಬರುವ ಮೊದಲೇ ಪ್ಲಗ್ಗನ್ನು ಕಿತ್ತು ಸಾಕೆಟ್ಟಿನಿಂದ ದೂರ ಇಡಿ. ಇಂಟರ್ನೆಟ್ಟಿನ ತಂತಿಯನ್ನೂ ಕಂಪ್ಯೂಟರಿನಿಂದ ಕಳಚಿ. ನನ್ನ ಬಳಿಗೆ ರಿಪೇರಿಗೆ ಬರುವ ಸುಟ್ಟ ಇಂಟರ್‌ಫೇಸುಗಳಲ್ಲಿ ಹೆಚ್ಚಿನವಕ್ಕೆ ಸಿಡಿಲು ಹೊಕ್ಕದ್ದು ಆ ತಂತಿಯಿಂದಲೇ.