ಹಿಂದಿನ ಪದಗಳಿಂದ ಮುಂದಿನ ಪದ ಬರುವ ಶ್ರೇಢಿಗಳಿಗೆ ಯಾವ ಸಾಫ್ಟ್‌ವೇರ್ ಒಳ್ಳೆಯದು? ಸ್ಪ್ರೆಡ್‌ಶೀಟ್ ಸಾಲದೇ?

ಶುರುವಿಗೆ ಸಾಕು. ಫಿಬೊನಾಚಿ ಬೇಕಿದ್ದರೆ ಎರಡು ಕೋಶಗಳಲ್ಲಿ 1, 1 ಬರೆದು, ಮೂರನೆಯದರಲ್ಲಿ ಹಿಂದಿನ ಎರಡನ್ನು ಕೂಡುವ ಸೂತ್ರ ಹಾಕಿ ಕೆಳಕ್ಕೆ ಎಳೆದರಾಯಿತು. ಆದರೆ 74ನೇ ಸಾಲಿಗೆ ಬಂದಾಗ ಗಮನಿಸಿ: ನಿಜವಾದ ಪದ 1304969544928657. ಎಕ್ಸೆಲ್ 15 ಅಂಕಿ ಮಾತ್ರ ತೋರಿಸುವುದರಿಂದ ಕೊನೆಯಲ್ಲಿ ಸೊನ್ನೆ ಕೂತಿರುತ್ತದೆ. ತಪ್ಪಾಗಿದೆ ಅಂತ ಅದು ಬಾಯಿಬಿಡುವುದೂ ಇಲ್ಲ.

ಇಷ್ಟಾದರೆ ಪರವಾಗಿಲ್ಲ, ಕೊನೆಯ ಅಂಕಿ ತಾನೇ ಅನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ, ಫ್ರೆಂಚ್ ಕಂಪ್ಯೂಟರ್ ವಿಜ್ಞಾನಿ ಮುಲ್ಲರ್ ಹೆಸರಿನಲ್ಲಿ ಕರೆಯುವ ಶ್ರೇಢಿಯ ಒಂದು ರೂಪ ಕೈಗೆ ಸಿಗುವ ತನಕ. ಮೊದಲೆರಡು ಪದ 4 ಮತ್ತು 4.25. ಕೊನೆಯ ಪದ 'ಇ', ಅದರ ಹಿಂದಿನದು 'ಅ' ಆದರೆ ಮುಂದಿನ ಪದ 108 − (815 − 1500/ಅ)/ಇ. ನಾನು ಮಾಮೂಲಿ ದಶಮಾಂಶದಲ್ಲೇ ಓಡಿಸಿದೆ. ಪದಗಳು 5ರ ಹತ್ತಿರ ಹೋಗುತ್ತಿದ್ದವು, ಆಮೇಲೆ ದಿಢೀರನೆ ಹಾರಿ, 25ನೇ ಪದದ ಹೊತ್ತಿಗೆ 100ಕ್ಕೆ ಅಂಟಿಕೊಂಡವು! ಕೋಡ್ ಸರಿಯಿಲ್ಲ ಅಂತ ಒಂದು ಸಂಜೆಯೆಲ್ಲ ತಡಕಾಡಿದೆ. ಕೋಡ್ ಸರಿಯಾಗೇ ಇತ್ತು. ಈ ಶ್ರೇಢಿಯ ಒಳಗೆ 3, 5, 100 ಎಂಬ ಮೂರು ಸಂಖ್ಯೆಗಳ ಘಾತಗಳು ಅಡಗಿವೆ. ಈ ಆರಂಭಕ್ಕೆ 100ರ ಪಾಲು ಸೊನ್ನೆ, ಹಾಗಾಗಿ ನಿಜವಾದ ಮಿತಿ 5. ಆದರೆ ಭಾಗಾಕಾರದಲ್ಲಿ ಎಲ್ಲೋ 16ನೇ ಅಂಕಿಯಲ್ಲಿ ಆದ ಸಣ್ಣ ದೋಷ 100ಕ್ಕೆ ಚೂರು ಪಾಲು ಕೊಟ್ಟುಬಿಡುತ್ತದೆ. ಪ್ರತಿ ಹೆಜ್ಜೆಗೂ ಅದು ಸುಮಾರು 20 ಪಟ್ಟು ಬೆಳೆಯುತ್ತದೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಭಿನ್ನರಾಶಿಯನ್ನು ಇದ್ದ ಹಾಗೇ ಇಟ್ಟು ಲೆಕ್ಕ ಮಾಡುವ ಫ್ರಾಕ್ಷನ್‌ನಲ್ಲಿ 4.25ರ ಬದಲು 17/4 ಅಂತ ಕೊಟ್ಟೆ. ಅದೇ ಲೂಪ್ ಯಾವ ಗಲಾಟೆಯೂ ಇಲ್ಲದೆ 5ರ ಕಡೆಗೆ ನಡೆಯಿತು.

ಹಾಗಾಗಿ ನನ್ನ ಉತ್ತರ ಪೈಥಾನ್. ಪೂರ್ಣಾಂಕ ಎಷ್ಟು ದೊಡ್ಡದಾದರೂ ಅಂಕಿ ಕಳೆಯುವುದಿಲ್ಲ, ಭಿನ್ನರಾಶಿಯೂ ಇದೆ, ದುಡ್ಡೂ ಬೇಡ. ಒಂದು ಎಚ್ಚರ: ವ್ಯಾಖ್ಯೆಯನ್ನು ಇದ್ದ ಹಾಗೇ ರಿಕರ್ಷನ್ ಆಗಿ ಬರೆಯಬೇಡಿ. 40ನೇ ಫಿಬೊನಾಚಿಗೆ ಫಂಕ್ಷನ್ ತನ್ನನ್ನು ತಾನೇ 33 ಕೋಟಿಗೂ ಹೆಚ್ಚು ಸಲ ಕರೆಯುತ್ತದೆ. ಹಿಂದಿನ ಎರಡು ಪದ ನೆನಪಿಟ್ಟುಕೊಳ್ಳುವ ಲೂಪ್ ಇದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಹಿಂದಿನ ಪದಗಳಿಲ್ಲದೆಯೇ ಯಾವ ಪದವನ್ನಾದರೂ ಕೊಡುವ ನೇರ ಸೂತ್ರ ಬೇಕಿದ್ದರೆ, ಪೈಥಾನ್‌ನಲ್ಲೇ ಬೀಜಗಣಿತ ಮಾಡುವ ಸಿಂಪೈನ ಆರ್‌ಸಾಲ್ವ್ ಇದೆ. ಮೇಪಲ್, ಮ್ಯಾಥೆಮ್ಯಾಟಿಕಾದಲ್ಲೂ ಅದೇ ಹೆಸರಿನ ಆಜ್ಞೆ. ಅವು ಹಣ ಕೊಟ್ಟು ಕೊಳ್ಳುವಂಥವು, ಕಾಲೇಜಿನಲ್ಲಿ ಇದ್ದರೆ ಬಳಸಿ. ಬಂದ ಸೂತ್ರದಲ್ಲಿ ವರ್ಗಮೂಲ ಇದ್ದರೆ ದಶಮಾಂಶಕ್ಕೆ ಇಳಿಸಬೇಡಿ, ಮತ್ತೆ ಅದೇ ಹಳ್ಳ.

ಪದಗಳಿವೆ, ನಿಯಮ ಗೊತ್ತಿಲ್ಲ ಅಂದರೆ ಒಇಐಎಸ್ (ಪೂರ್ಣಾಂಕ ಶ್ರೇಢಿಗಳ ಆನ್‌ಲೈನ್ ವಿಶ್ವಕೋಶ) ನೋಡಿ. ನೀಲ್ ಸ್ಲೋನ್ 1964ರಲ್ಲಿ ಶುರುಮಾಡಿದ ಸಂಗ್ರಹ ಅದು. ಆದರೆ ಐದು ಪದ ಹಾಕಿ ತೀರ್ಮಾನಕ್ಕೆ ಬರಬೇಡಿ. 1, 2, 4, 8, 16 ಆದ ಮೇಲೆ 32 ಬರಬಹುದು. ವೃತ್ತದ ಮೇಲಿನ ಬಿಂದುಗಳನ್ನೆಲ್ಲ ಗೆರೆಗಳಿಂದ ಸೇರಿಸಿ ತುಂಡುಗಳನ್ನು ಎಣಿಸುತ್ತಿದ್ದರೆ ಹೆಚ್ಚೆಂದರೆ 31. ಎಂಟು-ಹತ್ತು ಪದಗಳನ್ನಾದರೂ ಕೈಯಲ್ಲಿಟ್ಟುಕೊಂಡು ಹುಡುಕಿ.