ಇಬ್ಬರು ಕೂರುವ ಸಬ್‌ಮರೀನಿಗೆ ಒಂದು ಚಿಕ್ಕ ಎಸಿ ಹಾಕಿದರೆ ಸಾಕಾ?

ಕಾಲೇಜ್ ಪ್ರಾಜೆಕ್ಟಿಗೆ ಪುಟ್ಟ ಸಬ್‌ಮರೀನ್ ಡಿಸೈನ್ ಮಾಡುತ್ತಿದ್ದೀರಿ, ಒಳಗಿನ ಸೆಕೆ ಮತ್ತು ತೇವಕ್ಕೆ ಏನು ಮಾಡಬೇಕು ಅಂತ ಕೇಳಿದ್ದೀರಿ. ನಾನು ನೌಕಾಪಡೆಯಲ್ಲಿ ಎಸಿ, ಫ್ರಿಜ್ ಕೆಲಸ ಮಾಡಿದವನು. ಈಗ ಮಡಿಕೇರಿ ಹತ್ತಿರ ತೋಟ ನೋಡಿಕೊಂಡಿದ್ದೇನೆ. ಎಸಿ ವಿಚಾರ ಆಮೇಲೆ. ಒಳಗೆ ಸೇರುವ ನೀರನ್ನು ಎಲ್ಲಿ ಇಳಿಸುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನ ಮಾಡಿ.

ಸುಮ್ನೆ ಕೂತಿರುವ ಒಬ್ಬರ ಉಸಿರು, ಬೆವರಿನಿಂದ ಗಂಟೆಗೆ ಸುಮಾರು 50 ಗ್ರಾಂ ನೀರು ಹೊರಬರುತ್ತದೆ. ಜೊತೆಗೆ 100 ವ್ಯಾಟ್ ಬಲ್ಬಿನಷ್ಟು ಶಾಖ. ನಮ್ಮ ದೇಶದ ಆಳಸಮುದ್ರದ ಸಬ್‌ಮರೀನ್ ಮತ್ಸ್ಯ 6000 ತೆಗೆದುಕೊಳ್ಳಿ. ಮೂವರು ಕೂರುವ ಟೈಟಾನಿಯಂ ಗೋಳ, ಒಳಗಿನ ಅಗಲ 2.1 ಮೀಟರ್, ಒಂದು ಸಲ ಇಳಿದರೆ 12 ಗಂಟೆ. ಜನ, ಸಾಮಾನು ಕಳೆದು 4 ಘನ ಮೀಟರ್ ಗಾಳಿ ಉಳಿಯುತ್ತದೆ ಅಂತ ಇಟ್ಟುಕೊಳ್ಳೋಣ. 25 ಡಿಗ್ರಿಯಲ್ಲಿ ಅಷ್ಟು ಗಾಳಿ ಹಿಡಿದಿಡುವುದು 90 ಗ್ರಾಂ ಚಿಲ್ಲರೆ ನೀರು. ಮೂವರ ಉಸಿರಿಗೆ ಅದು ತುಂಬಲು ಮುಕ್ಕಾಲು ಗಂಟೆಯೂ ಬೇಡ. 12 ಗಂಟೆಗೆ ಒಟ್ಟು 1.8 ಲೀಟರ್ ಆಗುತ್ತದೆ.

ಮಿಕ್ಕ ನೀರು ಎಲ್ಲಿ ತಣ್ಣಗಿದೆಯೋ ಅಲ್ಲಿ ಹನಿಯಾಗಿ ಕೂರುತ್ತದೆ. ಜುಲೈ ಮಳೆಯಲ್ಲಿ ಗ್ಲಾಸ್ ಏರಿಸಿಕೊಂಡು ನಾಲ್ಕೈದು ಜನ ಜೀಪಿನಲ್ಲಿ ಭಾಗಮಂಡಲಕ್ಕೆ ಹೊರಡಿ. ಚೇರಂಬಾಣೆ ಬರುವಷ್ಟರಲ್ಲಿ ಗ್ಲಾಸಿನ ಒಳಗೆ ಬೆರಳಲ್ಲಿ ಹೆಸರು ಬರೆಯಬಹುದು. ಬರೆದ ಅಕ್ಷರದ ಬುಡದಿಂದ ಹನಿ ಜಾರಿ ಡ್ಯಾಶ್‌ಬೋರ್ಡಿಗೆ ಇಳಿಯುತ್ತದೆ. ಸಬ್‌ಮರೀನಿನಲ್ಲಿ ಆ ಹನಿ ಇಳಿಯುವ ಜಾಗದಲ್ಲಿ ನಿಮ್ಮ ವೈರಿಂಗ್ ಇರುತ್ತದೆ! ಆಳದ ನೀರು 2ರಿಂದ 4 ಡಿಗ್ರಿ, ಲೋಹದ ಗೋಡೆಯೂ ಹೆಚ್ಚುಕಡಿಮೆ ಅಷ್ಟೇ ತಣ್ಣಗಾಗುತ್ತದೆ.

ಹಾಗಾಗಿ ಗೋಡೆಗೆ ಒಳಗಿನಿಂದ ಇನ್ಸುಲೇಷನ್, ಅಂದರೆ ಶಾಖ ದಾಟದ ಹೊದಿಕೆ ಕೊಡಿ. ಒಂದು ತಣ್ಣನೆಯ ಕಾಯಿಲ್ (ಸುರುಳಿ ಪೈಪ್), ಅದರ ಹಿಂದೆ ಫ್ಯಾನ್, ಕೆಳಗೆ ತಟ್ಟೆ, ತಟ್ಟೆಯಿಂದ ಬಾಟಲಿಗೆ ಪೈಪ್. ನೀರು ಅಲ್ಲೇ ಇಳಿಯಲಿ. ಕನೆಕ್ಟರುಗಳನ್ನು ಮಾತ್ರ ತಳಭಾಗದಲ್ಲಿ ಇಡಬೇಡಿ. ತೇವ ಹೀರುವ ಸಿಲಿಕಾ ಜೆಲ್ ಹರಳು ಕೂಡ ಆಗುತ್ತದೆ, ಆದರೆ ಅದು ಹೀರುವುದು ತನ್ನ ತೂಕದ ಕಾಲು ಭಾಗದಷ್ಟು. 1.8 ಲೀಟರಿಗೆ 7 ಕೆಜಿ ಬೇಕು. ಮಳೆಗಾಲದಲ್ಲಿ ಬಟ್ಟೆಗೆ ಬೂಷ್ಟು ಹಿಡಿಯದಿರಲಿ ಅಂತ ನಮ್ಮ ಕಡೆ ಬೀರುವಿನೊಳಗೆ ಬಲ್ಬ್ ಉರಿಸುತ್ತಾರಲ್ಲ, ಆ ಉಪಾಯ ಇಲ್ಲಿ ನಡೆಯುವುದಿಲ್ಲ. ಬಲ್ಬ್ ಗಾಳಿಯನ್ನು ಬಿಸಿ ಮಾಡುತ್ತದೆ ಅಷ್ಟೇ, ನೀರು ಅಲ್ಲೇ ಇರುತ್ತದೆ.

ಸೆಕೆ ಜಾಸ್ತಿ ಕಾಡುವುದು ಮುಳುಗುವ ಮೊದಲು, ಬಿಸಿಲಲ್ಲಿ ಕಾಯುವಾಗ. ಅಕ್ರಿಲಿಕ್ (ಗಾಜಿನಂಥ ಪ್ಲಾಸ್ಟಿಕ್) ಗುಮ್ಮಟ ಇದ್ದರೆ ಬಿಳಿ ಬಟ್ಟೆ ಹೊದಿಸಿ. ನಿಮ್ಮಂಥ ಪುಟ್ಟ ನೌಕೆಗೆ ಕಂಪ್ರೆಸರಿಗಿಂತ ಐಸ್ ಪೆಟ್ಟಿಗೆಯೇ ವಾಸಿ ಅಂತ ನನ್ನ ಅಭಿಪ್ರಾಯ. ಐಸ್ ನೀರನ್ನು ಪುಟ್ಟ ಪಂಪಿನಿಂದ ಕಾಯಿಲಿಗೆ ಹರಿಸಿ. ಬ್ಯಾಟರಿ ಉಳಿಯುತ್ತದೆ, ಗ್ಯಾಸ್ ಸೋರುವ ಭಯವಿಲ್ಲ. ಒಬ್ಬರ ಮೈಶಾಖಕ್ಕೆ ಗಂಟೆಗೆ ಸುಮಾರು 1 ಕೆಜಿ ಐಸ್ ಅಂತ ಲೆಕ್ಕ ಹಿಡಿಯಿರಿ. ಡ್ರೈ ಐಸ್ ಮಾತ್ರ ಖಂಡಿತ ಬೇಡ, ಅದು ನೇರವಾಗಿ ಇಂಗಾಲದ ಡೈಆಕ್ಸೈಡ್ ಅನಿಲವಾಗುತ್ತದೆ.

ಇಂಗಾಲದ ಡೈಆಕ್ಸೈಡ್ ಹೀರಲು ಸೋಡಾ ಲೈಮ್ ಅಥವಾ ಲಿಥಿಯಂ ಹೈಡ್ರಾಕ್ಸೈಡ್ ಪುಡಿ ಇಡುತ್ತೀರಿ ಅಲ್ವಾ? ಹೀರುವಾಗ ಅದೂ ಶಾಖ ಮತ್ತು ನೀರು ಬಿಡುತ್ತದೆ. ಅದನ್ನೂ ಲೆಕ್ಕಕ್ಕೆ ಸೇರಿಸಿ. ಇನ್ನೊಂದು ವಿಷಯ ದಯವಿಟ್ಟು ಮರೆಯಬೇಡಿ. ಚಳಿಯಲ್ಲಿ ಈ ಪುಡಿಯ ಶಕ್ತಿ ಕುಂದುತ್ತದೆ. 1973ರ ಜೂನ್‌ನಲ್ಲಿ ಫ್ಲಾರಿಡಾ ಹತ್ತಿರ ಜಾನ್ಸನ್ ಸೀ ಲಿಂಕ್ ಎಂಬ ಪುಟ್ಟ ಸಬ್‌ಮರೀನ್, ಮುಳುಗಿದ್ದ ಹಡಗಿನ ಕೇಬಲಿಗೆ ಸಿಕ್ಕಿಕೊಂಡಿತು. ಮೇಲೆ ತರಲು ಒಂದು ದಿನಕ್ಕೂ ಜಾಸ್ತಿ ಹಿಡಿಯಿತು. ಮುಂದಿನ ಅಕ್ರಿಲಿಕ್ ಗೋಳದಲ್ಲಿ ಇಬ್ಬರು, ಹಿಂದಿನ ಅಲ್ಯೂಮಿನಿಯಂ ಕೋಣೆಯಲ್ಲಿ ಇಬ್ಬರು. ಅಕ್ರಿಲಿಕ್ ಶಾಖ ಹಿಡಿದಿಟ್ಟಿತು. ಅಲ್ಯೂಮಿನಿಯಂ ಶಾಖವನ್ನೆಲ್ಲ ಸಮುದ್ರಕ್ಕೆ ಬಿಟ್ಟುಕೊಟ್ಟಿತು, ಪುಡಿ ತಣ್ಣಗಾಗಿ ಕೆಲಸ ನಿಲ್ಲಿಸಿತು. ಹಿಂದಿದ್ದ ಇಬ್ಬರೂ ಉಳಿಯಲಿಲ್ಲ. ಅವರಲ್ಲಿ ಒಬ್ಬರು ಅದನ್ನು ರೂಪಿಸಿದ ಎಡ್ವಿನ್ ಲಿಂಕ್ ಅವರ ಮಗ.

ಆದ್ದರಿಂದ ಪುಡಿಯ ಡಬ್ಬಿಯನ್ನು ಬರಿಯ ಗೋಡೆಗೆ ತಾಗಿಸಬೇಡಿ. ಕೂತವರ ಬೆಚ್ಚಗಿನ ಗಾಳಿ ಬೀಸುವ ಕಡೆ ಇಡಿ, ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ಉಣ್ಣೆ ಬಟ್ಟೆ ಇರಲಿ. ನಿಮ್ಮ ಗೋಡೆ ಯಾವ ಲೋಹ, ಎಷ್ಟು ಗಂಟೆಯ ಪ್ರಯಾಣ ಅಂತ ಕೆಳಗೆ ಬರೆಯಿರಿ, ಐಸ್ ಮತ್ತು ಸಿಲಿಕಾ ಜೆಲ್ ಲೆಕ್ಕ ಹಾಕಿಕೊಡುತ್ತೇನೆ.